ಡಿಶ್‌ವಾಷರಿಗೆ ನೀರು ಬರುತ್ತಿಲ್ಲವೇ? ಮೊದಲು ನಳ್ಳಿ ನೋಡಿ

ನಮ್ಮ ಕಾಸರಗೋಡಿನ ತೋಟದ ಮನೆಗಳಿಗೂ ಡಿಶ್‌ವಾಷರ್ ಬಂದು ಕೂತಿದೆ. 2020ರ ಲಾಕ್‌ಡೌನ್ ಹೊತ್ತಿಗೆ ಕೆಲಸದವರು ಬಾರದೆ ಪೇಟೆಗಳಲ್ಲಿ ಇದಕ್ಕೆ ಬೇಡಿಕೆ ಏರಿತು. ಆಮೇಲೆ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಊರಿನ ಅಮ್ಮನಿಗೂ ಒಂದು ಕೊಡಿಸಿದರು. ಒಳ್ಳೆಯದೇ ಆಯಿತು. ಬೂದಿಯೂ ತೆಂಗಿನ ನಾರೂ ಹಿಡಿದು ವರ್ಷಗಟ್ಟಲೆ ತಿಕ್ಕಿದ ಕೈಗೆ ಸ್ವಲ್ಪ ಬಿಡುವು ಸಿಗಲಿ. 'ಪಾತ್ರೆ ತೊಳೆಯಲಿಕ್ಕೂ ಮೆಷಿನ್ನಾ ಮಾರಾಯ್ರೆ' ಎಂದು ಮೂಗು ಮುರಿಯುವ ಗಂಡಸರ ಜೊತೆ ನನ್ನ ಜಗಳ ಇನ್ನೊಂದು ದಿನಕ್ಕಿರಲಿ.

ಇವತ್ತಿನ ತಕರಾರು ಬೇರೆ. ಈ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ನೀರು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತು ಗುರ್ ಎನ್ನುತ್ತದೆ, ನಂತರ ನಳ್ಳಿಯ ಚಿತ್ರ ತೋರಿಸಿ ಸುಮ್ಮನಾಗುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿ. ಅಮ್ಮ ಮಗನಿಗೆ ಫೋನು ಮಾಡುತ್ತಾರೆ, ಮಗ ಕಂಪೆನಿಗೆ ಮಾಡುತ್ತಾನೆ, ಮೂರು ದಿನ ಬಿಟ್ಟು ಪೇಟೆಯಿಂದ ಒಬ್ಬರು ಬರುತ್ತಾರೆ. ಬಂದವರು ಪೈಪು ಬಿಚ್ಚಿ, ಅಲ್ಲಿನ ಸಣ್ಣ ಜಾಲರಿ ತೊಳೆದು, ಬಂದದ್ದಕ್ಕೆ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಪಕ್ಕದ ಮನೆಯಲ್ಲೇ ನಮ್ಮ ಶಾಲೆಯ ಹೈಸ್ಕೂಲು ಹುಡುಗಿ ಇರುತ್ತಾಳೆ. ದ್ರವದ ಒತ್ತಡದ ಪಾಠ ಅವಳಿಗೆ ಬಾಯಿಪಾಠ. ಆದರೆ ಅವಳನ್ನು ಯಾರೂ ಕರೆಯುವುದಿಲ್ಲ. ಕನ್ನಡ ಮೀಡಿಯಂ ಅಲ್ಲವೇ! ಮೆಷಿನು ಎಂದರೆ ಇಂಗ್ಲಿಷು ಎಂದು ನಾವೇ ತೀರ್ಮಾನ ಮಾಡಿಯಾಗಿದೆ.

ನೀರು ಬಾರದ ಡಿಶ್‌ವಾಷರಿನ ತೊಂದರೆ ಹೆಚ್ಚಾಗಿ ಯಂತ್ರದ ಹೊರಗೇ ಇರುತ್ತದೆ. ಅದನ್ನು ಹುಡುಕಲು ಬೇಕಾದ ವಿದ್ಯೆಯೆಲ್ಲ ನಮ್ಮ ತರಗತಿಯಲ್ಲಿ ಕನ್ನಡದಲ್ಲೇ ಇದೆ. ಅದನ್ನು ಅಡುಗೆಮನೆಯವರೆಗೆ ತರುವ ಕೆಲಸವನ್ನು ನಾವು ಮೇಷ್ಟ್ರುಗಳು ಮಾಡುತ್ತಿಲ್ಲ ಎಂಬುದು ನನ್ನ ದೂರು.

ಹೇಗೆ ಹುಡುಕುವುದು? ನೀರು ಬರುವ ದಾರಿಯಲ್ಲೇ ನಡೆಯಬೇಕು. ಟಾಂಕಿ, ನಳ್ಳಿ, ಪೈಪು, ಜಾಲರಿ, ವಾಲ್ವು. ಈ ಕ್ರಮ ತಪ್ಪಿಸಿ ನೇರ ಯಂತ್ರದ ಹೊಟ್ಟೆಗೆ ಕೈ ಹಾಕಬಾರದು. ಅದಕ್ಕೂ ಮೊದಲು ಎರಡು ಸಣ್ಣ ಸಂಗತಿ. ಬಾಗಿಲು 'ಟಕ್' ಎಂದು ಪೂರ್ತಿ ಮುಚ್ಚಿದೆಯೇ? ಕೆಳಗಿನ ತಟ್ಟೆಯಿಂದ ಒಂದು ಸೌಟಿನ ಹಿಡಿ ಹೊರಚಾಚಿದರೂ ಬಾಗಿಲು ಕೂರುವುದಿಲ್ಲ, ಬಾಗಿಲು ಕೂರದೆ ನೀರು ಬಿಡುವುದಿಲ್ಲ. ತಡವಾಗಿ ಶುರುವಾಗುವ ಗುಂಡಿ ಅಕಸ್ಮಾತ್ ಒತ್ತಿಹೋಗಿದೆಯೇ? ಹಾಗಿದ್ದರೆ ಅದು ಕೆಟ್ಟಿಲ್ಲ, ಕಾಯುತ್ತಾ ಇದೆ ಅಷ್ಟೆ.

ಇನ್ನು ನಳ್ಳಿ. ಪ್ಲಗ್ ತೆಗೆಯಿರಿ, ನಳ್ಳಿ ಮುಚ್ಚಿ, ಯಂತ್ರದ ಪೈಪನ್ನು ನಳ್ಳಿಯಿಂದ ತಿರುಗಿಸಿ ಬಿಚ್ಚಿ, ಕೆಳಗೆ ಬಾಲ್ದಿ ಇಟ್ಟು ನಳ್ಳಿ ಪೂರ್ತಿ ತೆರೆಯಿರಿ. ಗಡಿಯಾರ ನೋಡಿ ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬಿತ್ತು ಎಂದು ಅಳೆಯಿರಿ. ಕೆಲವು ಕೈಪಿಡಿಗಳು ನಿಮಿಷಕ್ಕೆ 10 ಲೀಟರ್ ಕೇಳುತ್ತವೆ. ನಿಮ್ಮ ಬಾಲ್ದಿಗೆ ಮೂರು ಲೀಟರ್ ಮಾತ್ರ ಬಿದ್ದರೆ ರೋಗ ಅಲ್ಲೇ ಸಿಕ್ಕಿತು, ಯಂತ್ರವನ್ನು ಬೈಯಬೇಡಿ.

ನಮ್ಮ ಊರಿನಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಬಾಯಾರು, ಪಡ್ರೆ ಕಡೆ ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗಗಳು ನಿಮಗೆ ಗೊತ್ತೇ ಇವೆ. ಪಂಪು ಇಲ್ಲ, ಕರೆಂಟು ಇಲ್ಲ, ನೀರು ತಾನಾಗಿ ಇಳಿದು ಬರುತ್ತದೆ. ಇಂಥ ನೀರಿಗೆ ಟಾಂಕಿಯನ್ನು ಮನೆಯ ಹಿಂದಿನ ದಿಣ್ಣೆಯಲ್ಲಿ ಕಟ್ಟುತ್ತೇವೆ, ಕೆಲವೊಮ್ಮೆ ಅಡುಗೆಮನೆಯ ನಳ್ಳಿಗಿಂತ ಆಳೆತ್ತರ ಮಾತ್ರ ಮೇಲೆ. ಕೈ ತೊಳೆಯಲು, ದನಕ್ಕೆ ನೀರು ಹಿಡಿಯಲು ಅಷ್ಟು ಧಾರಾಳ ಸಾಕು. ಡಿಶ್‌ವಾಷರಿಗೆ ಸಾಲದು. ಹೆಚ್ಚಿನ ಯಂತ್ರಗಳು ಕಡಿಮೆಯೆಂದರೆ 0.3 ಅಥವಾ 0.5 ಬಾರ್ ಒತ್ತಡ ಬಯಸುತ್ತವೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಹಾಗಾದರೆ ಟಾಂಕಿಯ ನೀರು ನಳ್ಳಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಉದ್ದದ ಸಪೂರ ಪೈಪಾದರೆ ಇನ್ನೂ ಹೆಚ್ಚು.

ಇಲ್ಲೊಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಒತ್ತಡ ಕಡಿಮೆ ಎಂದರೆ ನಮ್ಮವರು 500 ಲೀಟರಿನ ಟಾಂಕಿ ತೆಗೆದು ಅದೇ ಜಾಗದಲ್ಲಿ 1000 ಲೀಟರಿನದ್ದು ಕೂರಿಸುತ್ತಾರೆ. ಒತ್ತಡಕ್ಕೂ ಟಾಂಕಿಯ ಗಾತ್ರಕ್ಕೂ ಸಂಬಂಧವಿಲ್ಲ, ಎತ್ತರಕ್ಕೆ ಮಾತ್ರ ಸಂಬಂಧ. ಈ ಮಾತನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದ ಮಗುವಿನ ಮನೆಯಲ್ಲೇ ದೊಡ್ಡ ಟಾಂಕಿ ಬಂದು ಇಳಿಯುತ್ತದೆ! ಪಾಠಕ್ಕೆ ಅಣೆಕಟ್ಟಿನ ಚಿತ್ರ ಬರೆಸುವ ಬದಲು ಪ್ರತಿ ಮಗುವೂ ತನ್ನ ಮನೆಯ ಟಾಂಕಿಯ ಎತ್ತರ ಅಳೆದು, ಬಾಲ್ದಿ ಲೆಕ್ಕ ಮಾಡಿ ತರಲಿ. ಒಂದು ಪೀರಿಯಡ್ಡು ಸಾಕು, ಖರ್ಚು ಸೊನ್ನೆ.

ನಳ್ಳಿಯಲ್ಲಿ ನೀರು ಚೆನ್ನಾಗಿದ್ದರೆ ಪೈಪು ನೋಡಿ. ಯಂತ್ರವನ್ನು ಗೋಡೆಗೆ ಒತ್ತಿ ತಳ್ಳಿದಾಗ ಪೈಪು ಮಡಚಿರುತ್ತದೆ. ಆಮೇಲೆ ಜಾಲರಿ. ಪೈಪು ಜೋಡಿಸುವ ಕಡೆ ಬೆರಳುಗುರಿನಷ್ಟು ದೊಡ್ಡ ಜಾಲರಿ ಇರುತ್ತದೆ. ಮೊದಲ ಮಳೆಗೆ ಕೆಂಪು ಮಣ್ಣು ಬಂದು ಅಲ್ಲಿ ಕೂರುತ್ತದೆ. ಹಳೆಯ ಟೂತ್ ಬ್ರಶ್ಶಿನಿಂದ ಉಜ್ಜಿದರೆ ಆಯಿತು. ತೋಟದ ಸ್ಪ್ರಿಂಕ್ಲರ್ ಜೆಟ್ಟಿಗೆ ಮಣ್ಣು ಕಟ್ಟಿದರೆ ಬಿಡಿಸುವ ಹುಡುಗನಿಗೆ ಇದನ್ನು ಕಲಿಸಬೇಕೇ? ಒಂದು ಎಚ್ಚರಿಕೆ: ಪೈಪಿನ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದರೊಳಗೆ ಕರೆಂಟಿನ ವಯರು ಇರಬಹುದು. ಅಂಥ ಪೈಪನ್ನು ಕತ್ತರಿಸಬಾರದು, ಡಬ್ಬಿಯನ್ನು ನೀರಿನಲ್ಲಿ ಅದ್ದಬಾರದು. ಮಕ್ಕಳು ಮಾಡುವಾಗ ದೊಡ್ಡವರು ಹತ್ತಿರ ಇರಲಿ.

ಇದರಾಚೆ ಕಿವಿಯ ಕೆಲಸ. ಮೊದಲ ಕೆಲವು ಕ್ಷಣ ಕೇಳುವುದು ಹಳೆಯ ನೀರು ಹೊರಹಾಕುವ ಪಂಪಿನ ಸದ್ದು, ಅದನ್ನು ಬಿಡಿ. ನಂತರ ಸಣ್ಣಗೆ 'ಝುಂ' ಎಂದು ಕೇಳಿಸಿದರೆ ವಾಲ್ವಿಗೆ ಕರೆಂಟು ಬರುತ್ತಿದೆ, ನೀರು ಮಾತ್ರ ಬರುತ್ತಿಲ್ಲ. ಏನೂ ಕೇಳಿಸದಿದ್ದರೆ ವಾಲ್ವೋ ಅದರ ವಯರೋ ಕೆಟ್ಟಿರಬಹುದು. ಹೊರಹಾಕುವ ಪಂಪು ನಿಲ್ಲದೆ ಓಡುತ್ತಲೇ ಇದ್ದರೆ ಯಂತ್ರದ ಅಡಿಯ ತಟ್ಟೆಗೆ ನೀರು ಸೋರಿ, ಅಲ್ಲಿರುವ ತೇಲುಗುಂಡು ಮೇಲೆದ್ದು ನೀರನ್ನು ತಡೆದಿರುತ್ತದೆ. ಕೈಯಲ್ಲಿ ತೊಳೆಯುವ ಸೋಪಿನ ದ್ರವವನ್ನು ಇದಕ್ಕೆ ಹಾಕಿ ನೊರೆ ಉಕ್ಕಿಸಿದರೂ ಹೀಗಾಗುತ್ತದೆ. ಆಗ ನಳ್ಳಿ ಮುಚ್ಚಿ, ಪ್ಲಗ್ ತೆಗೆದು, ರಿಪೇರಿಯವರನ್ನೇ ಕರೆಯಿರಿ.

'ಇದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ ಸಾರ್' ಎನ್ನುವವರಿದ್ದಾರೆ. ಪದ ಹುಟ್ಟಿಸುವ ಅಗತ್ಯವೇ ಇಲ್ಲ. ಫಿಲ್ಟರು, ಫೂಟ್ ವಾಲ್ವು, ಗೇಟ್ ವಾಲ್ವು ಎಂದು ನಮ್ಮ ತೋಟಗಳಲ್ಲಿ ಎಂದೋ ಮಾತಾಡಿಯಾಗಿದೆ. ಹೃದಯದ ಪಾಠದಲ್ಲಿ ಕವಾಟ ಎಂದು ಓದುತ್ತೇವಲ್ಲ, ತೋಟದ ವಾಲ್ವೂ ಅದೇ ಜಾತಿಯದು ಎಂದು ಮಕ್ಕಳಿಗೆ ಹೇಳುವವರು ಬೇಕು. ಶಾಲೆಯ ವಿಜ್ಞಾನ ಸಂಘದವರು ಒಂದು ಹಾಳೆಯಲ್ಲಿ ಈ ಕ್ರಮವನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ಕಳಿಸಲಿ. ಫ್ರಿಜ್ಜು, ಗ್ರೈಂಡರು, ಪಂಪು, ಎಲ್ಲದಕ್ಕೂ ಹಾಗೆ ಒಂದೊಂದು ಹಾಳೆ ಆಗಬಹುದು.

ರಿಪೇರಿಯವರು ಬರಲೇಬೇಕಾಗಿ ಬಂದರೂ ಈ ಹಾಳೆ ವ್ಯರ್ಥವಲ್ಲ. ಅವರು ಮಲಯಾಳದಲ್ಲಿ ಕೇಳಲಿ, ಅಮ್ಮ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ: ನಿಮಿಷಕ್ಕೆ ಹನ್ನೊಂದು ಲೀಟರ್ ಬರುತ್ತಿದೆ, ಜಾಲರಿ ತೊಳೆದಾಗಿದೆ, ಪೈಪು ಮಡಚಿಲ್ಲ, ವಾಲ್ವಿನ ಸದ್ದು ಕೇಳುತ್ತಿಲ್ಲ. ಫೋನಿನಲ್ಲೇ ಇಷ್ಟು ಹೇಳಿದರೆ ಅವರು ಹೊಸ ವಾಲ್ವು ಜೊತೆಯಲ್ಲೇ ಹಿಡಿದುಕೊಂಡು ಬರಬಹುದು, ಎರಡು ಸಲ ಬಂದ ದುಡ್ಡು ಕೊಡಬೇಕಾಗಿಲ್ಲ.