ಟ್ಯೂಷನ್ ಇದೆ, ಓದಲು ವೇಳೆ ಎಲ್ಲಿದೆ?

ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆ 2025ರಲ್ಲಿ ಮಾರ್ಚ್ ತಿಂಗಳಿಗೆ ಕಾಯದೆ ಫೆಬ್ರವರಿ 21ರಂದೇ ಆರಂಭಗೊಂಡಿತು. ದಿನಗಳು ಕಡಿಮೆಯಾದಾಗ ಪಾಲಕರಾದ ನಮಗೆ ಮೊದಲು ಹೊಳೆಯುವ ಪರಿಹಾರ ಮತ್ತೊಂದು ಟ್ಯೂಷನ್.

ಶಾಲೆ ಮುಗಿಸಿ ಕ್ಲಾಸಿಗೆ ಹೋದ ಮಕ್ಕಳು ರಾತ್ರಿ ದಣಿದು ಮನೆ ಸೇರುತ್ತಾರೆ. ಕೇಳಿದ ಪಾಠವನ್ನು ತಾವೇ ಬರೆದು ನೋಡಲು ವೇಳೆ ಉಳಿಯುವುದಿಲ್ಲ. ಕಲಿಕೆ ಸೋಲುವುದು ಇಲ್ಲಿಯೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರು. ವಾರದ ಬಳಿಕ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಾದರು.

ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿರಿಯರು ಸಿಕ್ಕ ಗಳಿಗೆಯಲ್ಲಿ ತಾವೇ ಓದಿಕೊಳ್ಳಬೇಕಿತ್ತು.

ಟ್ಯೂಷನ್ ಬೇಡವೆಂಬುದು ನಮ್ಮ ವಾದವಲ್ಲ. ತೊಡಕಿರುವ ವಿಷಯಕ್ಕಷ್ಟೇ ಅದು ಸಾಕು. ಉಳಿದ ವೇಳೆಯಲ್ಲಿ ಬೀಜಗಣಿತದ 40 ಅಂಕಗಳ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟು ಎರಡು ಗಂಟೆಯಲ್ಲಿ ಬಿಡಿಸಲಿ. ತಪ್ಪಿದ ಲೆಕ್ಕವನ್ನು ನಾಲ್ಕು ದಿನ ಬಿಟ್ಟು ಮತ್ತೆ ಮಾಡಲಿ.

ಚಿಕ್ಕ ಮನೆಗಳಲ್ಲಿ, ಟಿ.ವಿ.ಯ ಸದ್ದಿನ ನಡುವೆ ಇದು ಸುಲಭವಲ್ಲ. ಫಲಿತಾಂಶದ ಬಳಿಕ ಶಾಲು ಹೊದೆಸಿ ಸನ್ಮಾನಿಸುವ ನಮ್ಮ ಸಂಘಸಂಸ್ಥೆಗಳು ಪರೀಕ್ಷೆಗೆ ಮುನ್ನ ಸಂಜೆ ಎರಡು ಗಂಟೆ ಒಂದು ಕೋಣೆ, ನಾಲ್ಕು ಮೇಜು, ಒಬ್ಬ ನಿವೃತ್ತ ಶಿಕ್ಷಕರನ್ನು ಒದಗಿಸಿದರೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಷನ್ ನೆಲೆಸಿರುವ ಮಾಟುಂಗಕ್ಕೆ ಇದು ಅಸಾಧ್ಯವಾದ ಮಾತೇನಲ್ಲ.