ಚಿಣ್ಣರ ಪ್ರವಾಸ ಹತ್ತಿರಕ್ಕೇ ಇರಲಿ



ಚಳಿಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ಒಂದು ದಿನದ ಪ್ರವಾಸದ ಚರ್ಚೆ ಶುರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಡಲತೀರ ಬೇಡ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದು ಸಮುದ್ರಪಾಲಾದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಹೈಸ್ಕೂಲು ವಯಸ್ಸಿನವರು; ಪ್ರಾಥಮಿಕ ಶಾಲೆಯವರು ಇನ್ನೂ ಚಿಕ್ಕವರು. ಮಾಗೋಡು, ಉಂಚಳ್ಳಿ ಜಲಪಾತಗಳೂ ಈ ವಯಸ್ಸಿಗೆ ಕಂಬಿಯಾಚೆಯ ನೋಟವಷ್ಟೇ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಾದರೆ ಕುಸುರಿ ಕೆತ್ತನೆಯ ಕಲ್ಲುಮಂಚವನ್ನು ಹತ್ತಿರದಿಂದಲೇ ನೋಡಬಹುದು, ಕದಂಬರ ಪಾಠವೂ ಅಲ್ಲೇ ಆಗುತ್ತದೆ.

‘ಮನೆ ಪಕ್ಕದ್ದನ್ನು ನೋಡುವುದೇನು?’ ಎಂದು ಪಾಲಕರು ಕೇಳಬಹುದು. ಶಾಲ್ಮಲಾ ನದಿಯ ನೀರಿಳಿದಾಗಷ್ಟೇ ಚೆನ್ನಾಗಿ ಕಾಣುವ ಸಹಸ್ರಲಿಂಗವನ್ನು ಸಿದ್ದಾಪುರದ ಎಷ್ಟು ಮಕ್ಕಳು ನೋಡಿದ್ದಾರೆ? ಅಲ್ಲೂ ಮಕ್ಕಳನ್ನು ನೀರಿಗಿಳಿಸಕೂಡದು, ಆ ಮಾತು ಬೇರೆ. ದೂರ ಹೋದಷ್ಟೂ ಹಗಲು ಬಸ್ಸಿನಲ್ಲೇ ಮುಗಿಯುತ್ತದೆ. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡ ಮಗು ಮತ್ತೇನು ನೋಡೀತು? ಹತ್ತಿರಕ್ಕೆ ಹೋಗಿ ಬಸ್ಸಿನ ಬಾಡಿಗೆ ತಗ್ಗಿದರೆ ಕೂಲಿಯವರ ಮಕ್ಕಳೂ ಹೆಸರು ಕೊಡುತ್ತಾರೆ.

— ಓದುಗ, ಶಿರಸಿ