ಮರದ ಬಳೆಯ ಓಟ

ಕಾಲೇಜೆಂದರೆ ಗಂಭೀರವಾದ ವಿದ್ಯಾಸ್ಥಾನ, ಅಲ್ಲಿ ಹುಡುಗಾಟಕ್ಕೆ ಎಡೆಯಿರಕೂಡದು ಎಂದು ವಾದಿಸುವವರು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇಂದಿಗೂ ಉಂಟು. ನಾಲ್ಕು ವರ್ಷಗಳ ಹಿಂದೆ ನಾನೂ ಆ ಪಂಗಡದವನೇ. ಈಗ ಪಕ್ಷಾಂತರ ಮಾಡಿದ್ದೇನೆ. ಅದಕ್ಕೆ ಕಾರಣ, ದೂರದ ಕಾಲೇಜೊಂದರ ವೃತ್ತಾಂತವನ್ನು ಓದಿದ್ದು.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ವೆಲ್ಸ್‌ಲಿ ಎಂಬ ಮಹಿಳಾ ಕಾಲೇಜಿದೆ. ಬಾಗಿಲು ತೆರೆದದ್ದು 1875ರಲ್ಲಿ. ಇಂದಿಗೂ ಎರಡು ಸಾವಿರದ ಚಿಲ್ಲರೆ ವಿದ್ಯಾರ್ಥಿನಿಯರಷ್ಟೇ ಇರುವ ಸಣ್ಣ ಸಂಸ್ಥೆ. ಅಲ್ಲಿ 1895ರಿಂದ ನಡೆದು ಬಂದ ಪದ್ಧತಿಯೊಂದಿದೆ. ವಸಂತದ ಒಂದು ಬೆಳಗ್ಗೆ ಅಂತಿಮ ವರ್ಷದವರು ಪದವಿಯ ನಿಲುವಂಗಿಯನ್ನು ತೊಟ್ಟು, ಕೋಲಿನಿಂದ ಮರದ ಬಳೆಗಳನ್ನು ಉರುಳಿಸುತ್ತ ಪಂದ್ಯ ಓಡುತ್ತಾರೆ. ನಮ್ಮ ಹಳ್ಳಿಯ ಹುಡುಗರು ಸೈಕಲ್ಲಿನ ಹಳೆಯ ಟೈರನ್ನು ಹೊಡೆಯುತ್ತ ಬೀದಿಯುದ್ದಕ್ಕೂ ಓಡುವುದಿಲ್ಲವೆ, ಅದೇ ಆಟ. ಬಳೆಗಳು ಹಿರಿಯರಿಂದ ಕಿರಿಯರ ಕೈಗೆ ಇಳಿದು ಬರುತ್ತವೆ. ಗೆದ್ದವಳಿಗೆ ಹೂಗುಚ್ಛ, ಅನಂತರ ಗೆಳತಿಯರೇ ಅವಳನ್ನು ಎತ್ತಿ ವಾಬನ್ ಸರೋವರಕ್ಕೆ ಹಾಕುತ್ತಾರೆ! 1939ರಲ್ಲಿ ಹಾರ್ವರ್ಡಿನ ತರುಣನೊಬ್ಬ ಹೆಣ್ಣುವೇಷದಲ್ಲಿ ಬಂದು ಗೆದ್ದ. ಅವನಿಗೂ ನೀರೇ ಗತಿಯಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ನೀರಾಟವಲ್ಲ, ಓಟಕ್ಕೆ ಅಂಟಿಕೊಂಡ ಭವಿಷ್ಯವಾಣಿ. ಗೆದ್ದವಳಿಗೆ ಎಲ್ಲರಿಗಿಂತ ಮುಂಚೆ ಕಂಕಣಭಾಗ್ಯ ಕೂಡಿಬರುವುದೆಂದು ಹಿಂದೆ ಹೇಳುತ್ತಿದ್ದರು. 1980ರ ದಶಕದ ಹೊತ್ತಿಗೆ, ದೊಡ್ಡ ಕಂಪೆನಿಯ ಮುಖ್ಯಸ್ಥೆಯಾಗುವವಳು ಅವಳೇ ಎಂದಾಯಿತು. ಇಂದು, ತಾನು ಯಾವುದನ್ನು ಸಾಫಲ್ಯವೆಂದು ಬಗೆಯುವಳೋ ಅದನ್ನು ಮೊದಲು ಪಡೆಯುವವಳು ಎನ್ನುತ್ತಾರೆ. ಬಳೆ ಅದೇ, ಓಟ ಅದೇ. ಅರ್ಥವನ್ನು ಮಾತ್ರ ಓಡುವವರೇ ತಿದ್ದಿಕೊಂಡರು. ಸುತ್ತೋಲೆ ಹೊರಡಿಸಿ ಆಗುವ ಕೆಲಸವೆ ಇದು?

ನಮ್ಮ ಕಾಲೇಜಿನಲ್ಲಿಯೂ ಒಂದು ಪದ್ಧತಿಯಿತ್ತು. ಕೊನೆಯ ಪಾಠ ಮುಗಿದ ಸಂಜೆ ಅಂತಿಮ ವರ್ಷದವರು ಸಾಲಾಗಿ ನಿಂತು, ಗಂಟೆಯೆಂದು ನಾವು ತೂಗುಹಾಕಿರುವ ರೈಲುಕಂಬಿಯ ತುಂಡಿಗೆ ತಲೆಗೊಂದು ಏಟು ಹೊಡೆಯುತ್ತಿದ್ದರು. ಮೂರು ವರ್ಷವೂ ಗಂಟೆಗೆ ಸರಿಯಾಗಿ ಬಾರದವನೇ ಮೊದಲ ಏಟಿಗೆ ಹಕ್ಕುದಾರ. ಗದ್ದಲವಾಗುತ್ತದೆಂದು ಶಿಸ್ತುಪಾಲನಾ ಸಮಿತಿ ಅದನ್ನು ನಿಲ್ಲಿಸಿತು. ನಿಲ್ಲಿಸುವ ಠರಾವಿಗೆ ಸೊಗಸಾದ ಭಾಷೆಯನ್ನು ಒದಗಿಸಿದವನು, ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ, ನಾನು. ಅಂದಿನಿಂದ ಹುಡುಗರು ಪ್ರವೇಶಪತ್ರ ಪಡೆದು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಯಾರು ಯಾವಾಗ ಹೋದರೆಂಬುದು ನನಗೆ ತಿಳಿಯುವುದೇ ಇಲ್ಲ.

ಬರುವ ಸಭೆಯಲ್ಲಿ ಆ ಠರಾವನ್ನು ಹಿಂದೆಗೆದುಕೊಳ್ಳಿರೆಂದು ಕೇಳಲಿದ್ದೇನೆ. ಸಹೋದ್ಯೋಗಿಗಳು ಒಪ್ಪಿಯಾರು. ಆದರೆ ಹುಡುಗರನ್ನು ಕರೆದು ‘ಹೊಡೆಯಿರಪ್ಪಾ’ ಎಂದರೆ ಅದು ನಮ್ಮ ಕಾರ್ಯಕ್ರಮವಾದೀತೇ ಹೊರತು ಅವರ ಪದ್ಧತಿಯಾಗದು. ಆ ಸಾಲನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಇಂದು ನಮ್ಮ ಕಾಲೇಜಿನಲ್ಲಿ ಒಬ್ಬನೂ ಉಳಿದಿಲ್ಲ.